ಮೊದಲ ವಿಂಗ್‌ಸೂಟ್ ಯಾವುದಿರಬೇಕು?

ಪ್ರಶ್ನೆ: ವಿದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮ 120 ಬಾರಿ ಸ್ಕೈಡೈವಿಂಗ್ (ವಿಮಾನದಿಂದ ಪ್ಯಾರಾಶೂಟ್ ಜಿಗಿತ) ಮಾಡಿದ್ದಾನೆ. ಗೆಳೆಯರೊಬ್ಬರ ದೊಡ್ಡ ವಿಂಗ್‌ಸೂಟ್ (ಗಾಳಿಯಲ್ಲಿ ತೇಲಲು ಕೈಕಾಲುಗಳ ನಡುವೆ ಬಟ್ಟೆಯ ರೆಕ್ಕೆಗಳಿರುವ ಉಡುಪು) ಕಡಿಮೆ ಬೆಲೆಗೆ ಸಿಗುತ್ತದೆಂದು ಕೊಳ್ಳಲು ಹೊರಟಿದ್ದಾನೆ. ತರಬೇತಿಯನ್ನೂ ಅವರೇ ಕೊಡುತ್ತಾರಂತೆ. ಇದು ಸರಿಯೇ?
– ಓದುಗರೊಬ್ಬರು, ಮಲ್ಪೆ, ಉಡುಪಿ

ಉತ್ತರ: ಈಗಲೇ ಬೇಡವೆಂದು ತಮ್ಮನಿಗೆ ದಯವಿಟ್ಟು ತಿಳಿಸಿ. ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದಂತೆ ಮೊದಲ ವಿಂಗ್‌ಸೂಟ್ ಹಾರಾಟಕ್ಕೆ ಮುನ್ನ ಕನಿಷ್ಠ 200 ಜಿಗಿತಗಳಾಗಿರಬೇಕು.

ಸೂಟ್ ದೊಡ್ಡದಾದಷ್ಟೂ ಹೆಚ್ಚು ದೂರ ತೇಲಬಹುದು, ನಿಜ. ಆದರೆ ಸಮತೋಲನ ತಪ್ಪಿ ಚಕ್ರದಂತೆ ಸುತ್ತತೊಡಗಿದರೆ ಹೊಸಬರಿಗೆ ಅದನ್ನು ನಿಲ್ಲಿಸುವುದು ಕಷ್ಟ, ಮತ್ತು ಪ್ಯಾರಾಶೂಟ್ ಬಿಚ್ಚುವ ಹೊತ್ತಿಗೆ ಬೆನ್ನಚೀಲದ ತಳದಲ್ಲಿರುವ ಹಿಡಿಯನ್ನು ಗಾಳಿ ತುಂಬಿ ಬಿಗಿದ ಬಟ್ಟೆಯ ಮರೆಯಲ್ಲಿ ತಡಕಾಡಬೇಕಾಗುತ್ತದೆ. ಕೈರೆಕ್ಕೆ ಕಿರಿದಾಗಿದ್ದು, ಹಿಡಿ ಸುಲಭವಾಗಿ ಕೈಗೆಟಕುವ ಆರಂಭಿಕರ ಸೂಟನ್ನೇ, ಮೈಯಳತೆಗೆ ಸರಿಹೊಂದುವಂತೆ ಆರಿಸಿಕೊಳ್ಳಬೇಕು. ಬೇರೆಯವರ ಅಳತೆಗೆ ಹೊಲಿದದ್ದು ಅಗ್ಗವೆಂದು ಕೊಳ್ಳುವುದನ್ನು ನಾನಂತೂ ಒಪ್ಪುವುದಿಲ್ಲ.

ತರಬೇತಿಯ ವಿಷಯದಲ್ಲಿ ಬಹುಕಾಲದಿಂದ ಚರ್ಚೆ ನಡೆದಿದೆ. 1999ರಲ್ಲಿ ಆರಂಭವಾದ ಬರ್ಡ್‌ಮ್ಯಾನ್ ಕಂಪನಿ ಸೂಟ್ ಮಾರುವುದರ ಜೊತೆಗೆ ಬೋಧಕರನ್ನೂ ಸಿದ್ಧಪಡಿಸಿತು. ತಯಾರಕರ ಮನ್ನಣೆಯೇ ಸಾಕೆಂದು ಕೆಲವರು, ಸ್ವತಂತ್ರ ಪರೀಕ್ಷೆ ಬೇಕೆಂದು ಇನ್ನು ಕೆಲವರು ವಾದಿಸುತ್ತಾರೆ. ಮಾರುವವರೇ ಕಲಿಸುವವರೂ ಆಗಿದ್ದಾಗ ಎರಡನೆಯ ವಾದವೇ ನನಗೆ ನ್ಯಾಯವೆನಿಸುತ್ತದೆ. ವಿಮಾನದಿಂದ ಹೊರಬಿದ್ದ ಕ್ಷಣದಲ್ಲಿ ರೆಕ್ಕೆಗಳನ್ನು ಮುಚ್ಚಿಕೊಂಡೇ ಇರಬೇಕು, ತಕ್ಷಣ ಬಿಚ್ಚಿದರೆ ವಿಮಾನದ ಬಾಲಕ್ಕೆ ಬಡಿಯುವ ಅಪಾಯವಿದೆ ಎಂಬುದನ್ನು ನೆಲದ ಮೇಲೆಯೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುವ ಬೋಧಕರನ್ನು ಅವನು ಹುಡುಕಿಕೊಳ್ಳಲಿ.