ತಳ್ಳುವ ಕೈ, ಹಿಡಿಯುವ ಕೈ

ಪ್ರಶ್ನೆ: ಆರು ವರ್ಷದಿಂದ ಕುಸ್ತಿ ಆಡುತ್ತಿದ್ದೇನೆ. ಗೆಳೆಯನೊಬ್ಬ ತೈ ಚಿ ಅನ್ನುವ ಚೀನೀ ಸಮರಕಲೆ ಕಲಿಯುತ್ತಾನೆ. ಅವರ ‘ಪುಶ್ ಹ್ಯಾಂಡ್ಸ್’ ನೋಡಿದೆ. ಇಬ್ಬರು ಕೈಗೆ ಕೈ ತಾಗಿಸಿ, ಬೀಸುಕಲ್ಲು ತಿರುಗಿಸಿದ ಹಾಗೆ ತಿರುಗಿಸುತ್ತಾರೆ. ಇದು ಕುಸ್ತಿಗಿಂತ ದೊಡ್ಡ ವಿದ್ಯೆ ಅಂತಾನೆ ಅವನು. ನನಗೆ ನಗು ಬಂತು. ಇದರಲ್ಲಿ ಹುರುಳಿದೆಯೇ?

ಉತ್ತರ: ನಾನೂ ಹಾಗೇ ನಕ್ಕವನು. ಹದಿನೈದು ವರ್ಷ ಕುಸ್ತಿ ಆಡಿ, ಮಂಡಿ ಕೈಕೊಟ್ಟ ಮೇಲೆ ತೈ ಚಿ ಕಡೆ ಹೋದೆ. (ಮಂಡಿ ಕೈಕೊಡುವುದು! ಭಾಷೆ ನೋಡಿ.) ಮೊದಲ ದಿನ ಎದುರು ನಿಂತವರು ನನಗಿಂತ ಇಪ್ಪತ್ತು ಕೆಜಿ ಹಗುರ. ಹಳೇ ಚಾಳಿಯಂತೆ ಅವರ ಕತ್ತಿನ ಹಿಂದೆ ಕೈ ಹಾಕಿ ಎಳೆದೆ. ಅವರು ತಿರುಗಿ ಎಳೆಯಲಿಲ್ಲ. ನನ್ನ ಮೊಣಕೈಗೆ ಅಂಗೈ ಹಚ್ಚಿ ಸೊಂಟ ಒಂಚೂರು ತಿರುಗಿಸಿದರು, ಅಷ್ಟೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟಾಗ ಮೆಟ್ಟಿಲೇ ಇಲ್ಲದಿದ್ದರೆ ಹೇಗಿರುತ್ತೆ, ಹಾಗಾಯಿತು. ಮೂರು ಹೆಜ್ಜೆ ಮುಗ್ಗರಿಸಿದೆ. ಎರಡನೇ ಸಲ ಸಿಟ್ಟು ಬಂತು. ಬಗ್ಗಿ ಅವರ ಮುಂಗಾಲು ಎತ್ತಿಬಿಟ್ಟೆ. ಧೊಪ್ಪನೆ ಬಿದ್ದರು. ಎದ್ದು ಅಂಗಿ ಒದರಿಕೊಂಡು, “ಇದು ಈ ಆಟದಲ್ಲಿಲ್ಲ” ಅಂದರು. ಅವರ ಮಾತು ನ್ಯಾಯವೇ, ಆದರೆ ಬಿದ್ದದ್ದೂ ನಿಜ ಅಲ್ವಾ?

ನೀವು ಕಟ್ಟಿದ ಜೋಡಿಯೇ ಸರಿಯಿಲ್ಲ. ಪುಶ್ ಹ್ಯಾಂಡ್ಸ್, ಚೀನೀ ಭಾಷೆಯಲ್ಲಿ ಟುಯಿ ಶೌ, ಮೊದಲಿಗೆ ಅಭ್ಯಾಸ. ಪಂದ್ಯಗಳು ಈಗ ನಡೆಯುತ್ತವೆ, ಆ ಮಾತು ಬೇರೆ. ಅದನ್ನು ಕುಸ್ತಿ ಪಂದ್ಯದ ಪಕ್ಕ ಇಡಬೇಡಿ. ಜೊತೆಗಾರನ ಎದೆಗೆ ಎದೆ ಕೊಟ್ಟು, ಅವನ ಕಂಕುಳಡಿ ಒಂದೊಂದೇ ಕೈ ತೂರಿಸುತ್ತಾ ಮೈ ಬಿಸಿ ಮಾಡಿಕೊಳ್ಳುತ್ತೀರಲ್ಲ, ಆ ಪಮ್ಮೆಲಿಂಗ್ ಪಕ್ಕ ಇಡಿ. ಆಗ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ.

ತೈ ಚಿಯವರ ಮೂಲ ವರಸೆ ನಾಲ್ಕು: ಪೆಂಗ್, ಲ್ಯೂ, ಜಿ, ಆನ್. ಪೆಂಗ್ ಅಂದರೆ ತೋಳನ್ನು ಗಾಳಿ ತುಂಬಿದ ಚೆಂಡಿನ ಹಾಗೆ ಇಟ್ಟುಕೊಳ್ಳುವುದು. ಬಿಗಿಯೂ ಅಲ್ಲ, ಜೋಲೂ ಅಲ್ಲ. ಎದುರಾಳಿ ಎದೆಗೆ ನುಗ್ಗದಂತೆ ನೀವು ಮುಂಗೈ ಅಡ್ಡ ಕೊಡುವುದಿಲ್ಲವೇ, ಅದರ ಮೆತ್ತನೆಯ ರೂಪ. ಲ್ಯೂ ಅಂದರೆ ಬಂದ ಬಲಕ್ಕೆ ದಾರಿ ಬಿಟ್ಟು, ಅದೇ ದಿಕ್ಕಿನಲ್ಲಿ ಇನ್ನಷ್ಟು ಮುಂದಕ್ಕೆ ಕಳಿಸುವುದು. ಎದುರಾಳಿಯ ತೋಳು ಹಿಡಿದು ಪಕ್ಕಕ್ಕೆ ಎಳೆಯುವ ನಿಮ್ಮ ಆರ್ಮ್ ಡ್ರ್ಯಾಗ್‌ಗೆ ತೀರಾ ಹತ್ತಿರ. ನನ್ನನ್ನು ಮುಗ್ಗರಿಸುವಂತೆ ಮಾಡಿದ್ದೂ ಇದೇ. ಜಿ, ಆನ್ ಎರಡೂ ಒತ್ತುವ, ತಳ್ಳುವ ಬಗೆಗಳು. ಅವಕ್ಕೆ ಕುಸ್ತಿಯಲ್ಲಿ ಜೋಡಿ ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇವೆಲ್ಲದರ ಕೆಳಗೆ ಟಿಂಗ್ ಜಿನ್ ಅಂತ ಒಂದಿದೆ. ‘ಕೇಳುವ ಬಲ’. ಕೇಳುವುದು ಕಿವಿಯಲ್ಲ, ಚರ್ಮ. ಎದುರಾಳಿಯ ಮಣಿಕಟ್ಟು ಹಿಡಿದಾಗ ಅವನ ಭಾರ ಯಾವ ಕಾಲಿಗೆ ಸರಿಯಿತು ಅಂತ ನಿಮಗೂ ಗೊತ್ತಾಗುತ್ತದೆ. ಆದರೆ ಕುಸ್ತಿಯಲ್ಲಿ ಅದು ಬೆವರಿನ ಜೊತೆ ತಾನಾಗಿ ಬರುವಂಥದ್ದು. ತೈ ಚಿಯಲ್ಲಿ ಅದನ್ನೇ ಬೇರೆ ತೆಗೆದು, ನಿಧಾನವಾಗಿ ಕಲಿಸುತ್ತಾರೆ. ಅವಸರದಲ್ಲಿ ಇದು ಕೈಗೆ ಹತ್ತುವುದಿಲ್ಲ.

ಅಣ್ಣತಮ್ಮಂದಿರು ಬೇರೆಯಾಗುವುದು ಕಾಲಿನ ವಿಷಯದಲ್ಲಿ. ನಿಂತಲ್ಲೇ ಆಡುವ ಪುಶ್ ಹ್ಯಾಂಡ್ಸ್‌ನಲ್ಲಿ ಪಾದ ಕದಲಿದರೆ ಸೋತಂತೆ. ಕಾಲಿಗೂ ಕೈ ಹಾಕಬಹುದಾದ ಫ್ರೀಸ್ಟೈಲ್ ಕುಸ್ತಿಯಲ್ಲಿ ಪಾದ ಕದಲದಿದ್ದರೆ ಸೋತಂತೆ! ಗ್ರೀಕೋ-ರೋಮನ್ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಹಾಗಾಗಿ ಅದು ಇನ್ನೂ ಹತ್ತಿರದ ನೆಂಟ. ತೈ ಚಿಯವರು ಬೆನ್ನು ನೆಟ್ಟಗೆ ಇಟ್ಟು ನಿಲ್ಲುತ್ತಾರೆ, ಫ್ರೀಸ್ಟೈಲ್‌ನವರು ಬಗ್ಗಿ ಸೊಂಟ ಹಿಂದಕ್ಕೆ ಇಡುತ್ತಾರೆ. ಇದರಲ್ಲಿ ಮೇಲು ಕೀಳು ಏನಿಲ್ಲ. ಕಾಲಿಗೆ ಕೈ ಹಾಕುವವರೇ ಇಲ್ಲದಿದ್ದರೆ ನೀವೂ ನೆಟ್ಟಗೇ ನಿಲ್ಲುತ್ತೀರಿ.

ಗೆಳೆಯನಿಂದ ಲ್ಯೂ ಒಂದನ್ನು ಕಲಿತುಕೊಳ್ಳಿ. ಕಣದ ಅಂಚಿನಲ್ಲಿ ಎದುರಾಳಿ ಎದೆಕೊಟ್ಟು ನೂಕುವಾಗ ತಡೆಯಬೇಡಿ, ಪಕ್ಕಕ್ಕೆ ತಿರುಗಿ ದಾರಿ ಬಿಡಿ. ಅವನ ಪಾದ ಗೆರೆ ದಾಟಿದರೆ ನಿಮಗೆ 1 ಅಂಕ.

ಪ್ರಶ್ನೆ: ತೈ ಚಿ ಗುರುಗಳು ಮುಟ್ಟದೆಯೇ ಶಿಷ್ಯರನ್ನು ಹಾರಿಸುವ ವಿಡಿಯೋ ನೋಡಿದೆ. ‘ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ಭಾರ ತಿರುಗಿಸು’ ಅಂತ ಹೇಳುತ್ತಾರಲ್ಲ, ಅದು ಇದೇನಾ?

ಉತ್ತರ: ಅಲ್ಲ. ಆ ಶಿಷ್ಯರು ಹಾರುವುದು ಮರ್ಯಾದೆಗೆ. ಪರಿಚಯವೇ ಇಲ್ಲದ ಪೈಲ್ವಾನನನ್ನು ಎದುರು ನಿಲ್ಲಿಸಿ ನೋಡಿ. ಆ ಗಾದೆಯ ಲಿಯಾಂಗ್, ಜಿನ್ ಎರಡೂ ಚೀನಾದ ತೂಕದ ಅಳತೆಗಳು, ಲಿಯಾಂಗ್ ಚಿಕ್ಕದು. ಗಾದೆ ಹೇಳುವುದು ದಿಕ್ಕಿನ ಬಗ್ಗೆ. ಮೂಗುದಾರ ಹಿಡಿದವನು ಎತ್ತನ್ನು ಎತ್ತಿಕೊಂಡು ಹೋಗುವುದಿಲ್ಲ, ತಿರುಗಿಸುತ್ತಾನೆ. ಅದಕ್ಕೂ ದಾರ ಕೈಯಲ್ಲಿರಬೇಕು. ಮುಟ್ಟದೆ ಆಗುವ ಕೆಲಸ ಅದಲ್ಲ.

ಪ್ರಶ್ನೆ: ಮಗನಿಗೆ ಹನ್ನೆರಡು. ಎರಡರಲ್ಲಿ ಯಾವುದಕ್ಕೆ ಮೊದಲು ಸೇರಿಸಲಿ?

ಉತ್ತರ: ಕುಸ್ತಿಗೆ. ಆ ವಯಸ್ಸಿನ ಹುಡುಗನಿಗೆ ಒಂದೇ ಜಾಗದಲ್ಲಿ ಪಾದ ಊರಿ ನಿಲ್ಲು ಅಂದರೆ ನಿಲ್ಲುತ್ತಾನಾ?