ತೂಕ ಏರಿದರೆ ಮಗಳ ಮಾತು ನಿಲ್ಲುತ್ತದೆ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 15 ವರ್ಷ. ಕೆಲವು ತಿಂಗಳಿಂದ ಊಟ ತೀರಾ ಕಡಿಮೆ ಮಾಡಿದ್ದಾಳೆ. ಬೆಳಗ್ಗೆ, ರಾತ್ರಿ ತೂಕ ನೋಡಿಕೊಳ್ಳುತ್ತಾಳೆ. ಇಳಿದಿದ್ದರೆ ನಗು, ಏರಿದ್ದರೆ ದಿನವಿಡೀ ಮಾತಿಲ್ಲ. ಆದರೆ ಸದಾ ಅಡುಗೆ ವಿಡಿಯೊ ನೋಡುತ್ತಾಳೆ, ನಮಗೆಲ್ಲ ಮಾಡಿ ಬಡಿಸುತ್ತಾಳೆ! ತಾನು ಮಾತ್ರ ಮುಟ್ಟುವುದಿಲ್ಲ. ‘ನೀನೇನು ದಪ್ಪ ಇಲ್ಲ ಕಣೇ’ ಅಂತ ಹೇಳಿ ಹೇಳಿ ಸಾಕಾಗಿದೆ.
– ಒಬ್ಬ ತಾಯಿ

ಉತ್ತರ: ಮೊದಲು ಆ ಅಡುಗೆ ವಿಡಿಯೊ ವಿಷಯ. ಅದು ಹಸಿವಿನ ಕೆಲಸ, ಅಮ್ಮ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಮುಂದೆ ಬಂದ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ತೆಳ್ಳಗಾಗುವ ಹಂಬಲ ಅವರಿಗೇನೂ ಇರಲಿಲ್ಲ. ಆದರೂ ಹೊತ್ತು ಹೊತ್ತಿಗೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಸಿಡುಕು, ಮಂಕು, ಚಳಿ ಎಲ್ಲವೂ ಬಂತು. ಹಾಗಾಗಿ ಮಗಳ ಮೌನವನ್ನು ಬರೀ ಹಟ ಅಂದುಕೊಳ್ಳಬೇಡಿ.

ನನ್ನ ಹತ್ತಿರ ಬರುವ ಹುಡುಗಿಯರಿಗೆ ಒಂದು ವೃತ್ತ ಬರೆಯಲು ಹೇಳುತ್ತೇನೆ. ‘ನಾನೂ ಪರವಾಗಿಲ್ಲ’ ಅಂತ ಯಾವುದರಿಂದ ಎಷ್ಟು ಅನ್ನಿಸುತ್ತದೋ ಅಷ್ಟು ಪಾಲು ಮಾಡಬೇಕು. ಇದು ಕ್ರಿಸ್ಟೊಫರ್ ಫೇರ್‌ಬರ್ನ್ ಎಂಬ ಮನೋವೈದ್ಯರ ಚಿಕಿತ್ಸೆಯಲ್ಲಿರುವ ಅಭ್ಯಾಸ. ಎಷ್ಟೋ ಸಲ ತೂಕವೇ ಮುಕ್ಕಾಲು ವೃತ್ತ ನುಂಗಿರುತ್ತದೆ. ಗೆಳತಿಯರು, ಚಿತ್ರ, ಆಟ ಎಲ್ಲ ಸೇರಿ ಒಂದು ಚೂರು. ತೂಕದ ಪಾಲನ್ನು ಅಳಿಸು ಅಂದರೆ ಯಾರೂ ಅಳಿಸುವುದಿಲ್ಲ. ಬಿಟ್ಟುಹೋದದ್ದನ್ನು ಮತ್ತೆ ಶುರು ಮಾಡಿಸಿ ಉಳಿದ ಪಾಲುಗಳನ್ನು ದೊಡ್ಡದು ಮಾಡಬೇಕು. ಅದರ ಬದಲು ಮಾರ್ಕ್ಸ್ ಹೊಗಳೋಣ ಅನ್ನಿಸಬಹುದು. ಬೇಡ, ಅದೂ ಏರಿ ಇಳಿಯುವ ಇನ್ನೊಂದು ಅಂಕಿಯೇ ಅಲ್ವಾ?

‘ದಪ್ಪ ಇಲ್ಲ’ ಅನ್ನುವುದನ್ನೂ ನಿಲ್ಲಿಸಿ. ಮಾತು ಮತ್ತೆ ಮೈಯ ಮೇಲೇ ಬಂದು ನಿಲ್ಲುತ್ತದೆ. ‘ನೀನು ಸದಾ ಸುಸ್ತಾಗಿರ್ತೀಯ, ನಂಗೆ ಭಯ ಆಗ್ತಿದೆ’ ಅನ್ನಿ. (ಕನ್ನಡಿ ಮುಂದೆ ನಿಮ್ಮ ಹೊಟ್ಟೆಯನ್ನು ನೀವೇ ಬೈದುಕೊಳ್ಳುವ ಅಭ್ಯಾಸವಿದ್ದರೆ, ಅದೂ ಸಾಕು.)

ಆದರೆ ಬರೀ ಮಾತಿಗೆ ಕಾಯಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ. ನಾಡಿ, ರಕ್ತದೊತ್ತಡ, ರಕ್ತ ಪರೀಕ್ಷೆ ಆಗಬೇಕು. ತಲೆಸುತ್ತಿ ಬಿದ್ದರೆ ಅಂದೇ ಹೋಗಿ. ಈ ವಯಸ್ಸಿನವರಿಗೆ, ಊಟದ ಹೊಣೆಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮನೇ ಹೊರುವ ಕುಟುಂಬ ಚಿಕಿತ್ಸೆ ಇದೆ, ಅದನ್ನೂ ಕೇಳಿ. ಕೊನೆಯ ಸಲ ಮುಟ್ಟಾದ ತಾರೀಕು ಬರೆದುಕೊಂಡು ಹೋಗಿ. ಊಟದ ನಂತರ ಬಚ್ಚಲಿಗೆ ಓಡುವುದನ್ನು ಗಮನಿಸಿದ್ದರೆ ಅದನ್ನೂ ಹೇಳಿ.