ಹೊರಗಿನ ಬೆಂಚಿನಲ್ಲಿ ಕುಳಿತ ಅಪ್ಪ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತೊಂದನೆಯ ವಾರಕ್ಕೇ ಹುಟ್ಟಿದ ಮಗು, ತೂಕ 1,350 ಗ್ರಾಂ. ತಾಯಿ ದಿನವೂ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಳಗೆ ಹೋಗಿ ಬರುತ್ತಿದ್ದರು. ತಂದೆ ಹೊರಗಿನ ಬೆಂಚಿನಲ್ಲಿ ಬೈಬಲ್ ಹಿಡಿದು ಕುಳಿತಿರುತ್ತಿದ್ದರು. ಹನ್ನೆರಡು ದಿನವಾದರೂ ಒಳಗೆ ಕಾಲಿಟ್ಟಿರಲಿಲ್ಲ. ಹೆಂಡತಿಯೇ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದರು. "ಕೇಳಿದರೆ ಎಲ್ಲ ದೇವರ ಚಿತ್ತ ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ ಮೇಡಂ."

ತಂದೆಯ ಮೊಬೈಲ್ ತುಂಬ ಚರ್ಚಿನ ಸಭೆಯವರು ಕಳಿಸಿದ ಒಂದೇ ವಚನ, ಬೈಬಲಿನ ಯೆರೆಮೀಯ 29:11. ದೇವರ ಆಲೋಚನೆ ಕೇಡಿಗಲ್ಲ, ಹಿತಕ್ಕೆ ಎಂಬ ಮಾತು. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಬೆದರಿದ ಮನುಷ್ಯನ ಬಾಯಿಗೆ ಅದು ಬೀಗ ಹಾಕಿತ್ತು. ಅತ್ತರೆ ಅವಿಶ್ವಾಸ ಎಂದು ತಿಳಿದುಬಿಟ್ಟಿದ್ದರು.

ಮಗುವಿನ ಹೆಸರು ಕೇಳಿದೆ. ಇಟ್ಟಿಲ್ಲ ಎಂದರು. ತುಸು ತಡೆದು, "ಹೆಸರಿಟ್ಟ ಮೇಲೆ ಹೋಗಿಬಿಟ್ಟರೆ?" ಎಂದರು. ಅಂಗಿಯ ಗುಂಡಿ ತಿರುವುತ್ತಾ ಕುಳಿತಿದ್ದವರು, ಅದು ಕಿತ್ತು ಕೈಗೆ ಬಂದಾಗ ಅತ್ತರು.

ವಿಶ್ವಾಸ ಅವರದು, ನಾನು ಉಪದೇಶಿಯಲ್ಲ. ಅವರ ಬೈಬಲನ್ನೇ ತೆರೆಯಿಸಿದೆ, ಅಷ್ಟೆ. ಆ ವಚನಕ್ಕೆ ಮುಂಚಿನ ಹತ್ತನೆಯ ವಚನ ಬಿಡುಗಡೆಗೆ ಎಪ್ಪತ್ತು ವರ್ಷದ ಲೆಕ್ಕ ಹೇಳುತ್ತದೆ. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ಮಕ್ಕಳನ್ನು ಪಡೆಯಿರಿ ಎನ್ನುತ್ತವೆ ಐದು, ಆರನೆಯ ವಚನಗಳು. ಯೇಸುವಿನ ಸಾಕುತಂದೆ ಯೋಸೇಫನ ವಿಷಯವೂ ಬಂತು. ಅವನಾಡಿದ ಒಂದೇ ಒಂದು ಮಾತು ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿಯೂ ಇಲ್ಲ. ದೇವದೂತ ಮಗುವಿಗೆ ಹೆಸರಿಡು ಎಂದಾಗ ಇಟ್ಟ. ಅರಸ ಹೆರೋದನಿಂದ ಅಪಾಯವಿದೆ ಎಂದಾಗ ರಾತ್ರೋರಾತ್ರಿ ತಾಯಿಮಗುವನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದೊಯ್ದ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಶಿಶುತಜ್ಞರು ಒಪ್ಪಿದರೆ ಕಾಂಗರೂ ಆರೈಕೆ: ಅಂಗಿ ಬಿಚ್ಚಿ, ಮಗುವನ್ನು ಬರಿಯೆದೆಗೆ ಒರಗಿಸಿಕೊಂಡು ಕೂರುವುದು. ಮಗುವಿನ ಮೈ ಬೆಚ್ಚಗಿಡುವ ಈ ಕೆಲಸವನ್ನು ತಂದೆಯೂ ಮಾಡಬಹುದೆಂದು ಎಷ್ಟೋ ಗಂಡಸರಿಗೆ ಗೊತ್ತೇ ಇಲ್ಲ. ಪ್ರಾರ್ಥನೆಯಲ್ಲಿ 'ಹೆದರಿಕೆಯಾಗಿದೆ' ಎಂದು ಬಾಯಿಬಿಟ್ಟು ಹೇಳಿ. ಬೈಬಲಿನ 13ನೆಯ ಕೀರ್ತನೆ ಶುರುವಾಗುವುದೇ 'ಇನ್ನೆಷ್ಟು ಕಾಲ' ಎಂಬ ದೂರಿನಿಂದ. ಹೆಂಡತಿಯನ್ನು ಮೊದಲು 'ಊಟ ಮಾಡಿದೆಯಾ' ಎಂದು ಕೇಳಿ, ದೇವರ ಚಿತ್ತದ ಮಾತು ಆಮೇಲೆ. ನಿದ್ದೆಯೇ ಬಾರದಿದ್ದರೆ, ಬದುಕು ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕೆಂದೂ ಹೇಳಿದೆ.

ಮಗು ಉಳಿಯುತ್ತದೆ ಎಂಬ ಭರವಸೆಯನ್ನು ಮಾತ್ರ ನಾನು ಕೊಡಲಿಲ್ಲ. ಅವರೂ ಕೇಳಲಿಲ್ಲ.

ಮೊದಲ ದಿನ ಬಾಗಿಲವರೆಗೆ ಹೋಗಿ ಹಿಂದಿರುಗಿದರಂತೆ. ಮೂರನೆಯ ದಿನ ಒಂದು ಗಂಟೆ ಕುಳಿತರು. "ಸುಲಿಯದ ತೆಂಗಿನಕಾಯಿಯಷ್ಟೂ ತೂಕವಿಲ್ಲ ಮೇಡಂ. ಆದರೂ ಏಳುವಾಗ ನನ್ನ ಕಾಲು ಮರಗಟ್ಟಿತ್ತು" ಎಂದರು ಫೋನಿನಲ್ಲಿ. ಅದುವರೆಗೆ ಮಗುವಿನ ಕಾಲಿನ ಪಟ್ಟಿಯಲ್ಲಿ ಇದ್ದದ್ದು 'ಬೇಬಿ ಆಫ್' ಎಂದು ತಾಯಿಯ ಹೆಸರು ಮಾತ್ರ. ಅಂದು ಸಂಜೆ ನರ್ಸ್ ಕೈಯಲ್ಲಿ ಹಾಸಿಗೆಯ ಚೀಟಿಗೆ ಹೊಸ ಹೆಸರು ಬರೆಸಿದರು. ಏನೆಂದು ಇಲ್ಲಿ ಹೇಳುವಂತಿಲ್ಲ. ಯೋಸೇಫ ಅಂತೂ ಅಲ್ಲ, ಮಗು ಹೆಣ್ಣು.